ಕೆಂಗೇರಿ ದಾರಿಯ ದಂಡು, ಪೂರ್ಣಯ್ಯನ ಲೆಕ್ಕ

ಬೆಂಗಳೂರಿನ ಹಳೆಯ ಪೇಟೆಯಿಂದ ಪಡುವಣಕ್ಕೆ ಎರಡು ದಾರಿಗಳು ಹೊರಡುತ್ತವೆ. ಒಂದು ಮಾಗಡಿ ರಸ್ತೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳು ಇವತ್ತು ಅದರ ಎಡಬಲಕ್ಕೆ ಹಬ್ಬಿಕೊಂಡಿವೆ. ಇನ್ನೊಂದು ಮೈಸೂರು ರಸ್ತೆ. ಅದು ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಹಾದು ಶ್ರೀರಂಗಪಟ್ಟಣಕ್ಕೆ ಮುಟ್ಟುತ್ತದೆ. 1791ರಲ್ಲಿ ಬಡಾವಣೆಗಳ ಸುಳಿವಿರಲಿಲ್ಲ, ಆದರೆ ದಾರಿಗಳು ಆಗಲೇ ಇದ್ದವು. ಆ ವರ್ಷ ಎರಡೂ ದಾರಿಗಳು ಯುದ್ಧಕ್ಕೆ ಸಿಕ್ಕಿಕೊಂಡವು.

ಮಾರ್ಚ್ 7ರಂದು ಲಾರ್ಡ್ ಕಾರ್ನ್‌ವಾಲಿಸನ ಬ್ರಿಟಿಷ್ ಸೈನ್ಯ ಬೆಂಗಳೂರು ಪೇಟೆಯನ್ನು ಹಿಡಿಯಿತು. ಹದಿನಾಲ್ಕು ದಿನ ಕಳೆದು, ಮಾರ್ಚ್ 21ರ ರಾತ್ರಿ, ಕೋಟೆಯೂ ಬಿತ್ತು. ಕಿಲ್ಲೇದಾರ ಬಹಾದ್ದೂರ್ ಖಾನ್ ಕೋಟೆಯ ಗೋಡೆ ಒಡೆದ ಜಾಗದಲ್ಲೇ ಹೋರಾಡುತ್ತ ಸತ್ತ. ಟಿಪ್ಪು ಹೊರಗಿನಿಂದ ನೆರವಿಗೆ ಹವಣಿಸುತ್ತಿದ್ದ, ಆ ದಿನಗಳಲ್ಲಿ ಅವನ ದಂಡು ಕೆಂಗೇರಿಯಲ್ಲೂ ಬೀಡುಬಿಟ್ಟಿತ್ತು. ಕೋಟೆ ಕೈಬಿಟ್ಟ ಮೇಲೆ, ಶತ್ರುವಿಗೆ ನೆರಳೂ ನೀರೂ ಮೇವೂ ಸಿಗಬಾರದೆಂದು ದಾರಿಯ ಊರುಗಳನ್ನು ಬರಿದು ಮಾಡುವ ಕ್ರಮಕ್ಕೆ ಕೈಹಾಕಿದ. ಕೆಂಗೇರಿ ಹಾಗೆ ಹಾಳಾದ ಊರು. ಕಾರ್ನ್‌ವಾಲಿಸನ ಸೈನ್ಯಕ್ಕೆ ಆಸರೆಯಾದೀತೆಂದು ಟಿಪ್ಪುವೇ ಅದನ್ನು ಕೆಡವಿಸಿದನೆಂದು ಹಳೆಯ ಗೆಜೆಟಿಯರುಗಳು ದಾಖಲಿಸಿವೆ. ಮೇ ತಿಂಗಳ ಮೊದಲಲ್ಲಿ ಹೊರಟ ಕಾರ್ನ್‌ವಾಲಿಸ್ ಈ ನೇರ ದಾರಿಯನ್ನು ಬಿಟ್ಟು ಕನಕಪುರದ ಕಡೆಯಿಂದ ಸುತ್ತಿಕೊಂಡು ಹೋದ. ಅಲ್ಲೂ ಮೇವಿರಲಿಲ್ಲ. ಎತ್ತುಗಳು ಸಾಲುಸಾಲಾಗಿ ಸತ್ತವು, ಎಳೆಯುವವರಿಲ್ಲದ ಭಾರಿ ಫಿರಂಗಿಗಳನ್ನು ಅವನೇ ಒಡೆಸಿಹಾಕಿ, ಶ್ರೀರಂಗಪಟ್ಟಣವನ್ನು ಕಣ್ಣಾರೆ ಕಂಡೂ ಹಿಂದಿರುಗಿದ. ಡಿಸೆಂಬರಿನಲ್ಲಿ ಮಾಗಡಿ ದಿಕ್ಕಿನ ಸಾವನದುರ್ಗವನ್ನು ಹಿಡಿದ ಮೇಲೆಯೇ ಅವನಿಗೆ ದಾರಿ ನಿಜವಾಗಿ ತೆರೆದದ್ದು.

ಈ ಯುದ್ಧವನ್ನು ನಾವು ಕೋಟೆ, ಕತ್ತಿ, ಶೌರ್ಯಗಳ ಕತೆಯಾಗಿ ಓದಿಕೊಂಡು ಬಂದಿದ್ದೇವೆ. ಅದನ್ನು ನಿರ್ಧರಿಸಿದ್ದು ಎತ್ತು, ಅಕ್ಕಿ, ಹುಲ್ಲು, ಸಂಬಳ. ಈ ನಾಲ್ಕನ್ನೂ ಅರೆದು ಕುಡಿದಿದ್ದ ಒಬ್ಬ ಮನುಷ್ಯ ಟಿಪ್ಪುವಿನ ಪಾಳೆಯದಲ್ಲಿದ್ದ. ಮುಂದೆ ಮೈಸೂರಿನ ಕುದುರೆ ಸೈನ್ಯವನ್ನು ನಡೆಸಿದವನು ಅವನೇ, ನಾಡಿಗೆ ಕಟ್ಟಳೆ ಹಾಕಿದವನೂ ಅವನೇ. ಆ ಪೂರ್ಣಯ್ಯನ ಜೀವನವನ್ನು ಈ ದಾರಿಯ ಕಡೆಯಿಂದ ನೋಡಿದರೆ ಅವನ ಗುಣವೂ ದೋಷವೂ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ ಎಂಬುದು ನನ್ನ ನಂಬಿಕೆ.

ಪೂರ್ಣಯ್ಯ ಹುಟ್ಟಿದ್ದು 1746ರಲ್ಲಿ, ಕೊಯಮತ್ತೂರು ಸೀಮೆಯ ಬಡ ಮಾಧ್ವ ಬ್ರಾಹ್ಮಣ ಮನೆಯಲ್ಲಿ. ತಂದೆ ಬೇಗ ತೀರಿಕೊಂಡ. ಹುಡುಗ ವರ್ತಕರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ಅಂಗಡಿಯ ವ್ಯವಹಾರ ಶ್ರೀರಂಗಪಟ್ಟಣದ ದೊಡ್ಡ ಸಾಹುಕಾರರ ತನಕ, ಅಲ್ಲಿಂದ ಅರಮನೆಯ ಸರಬರಾಜಿನ ತನಕ ಚಾಚಿತ್ತು. ದಿನಸಿಯ ಲೆಕ್ಕವೇ ಅವನನ್ನು ಹೈದರಾಲಿಯ ದಫ್ತರಕ್ಕೆ ಕೊಂಡೊಯ್ದಿತು. ಕೃಷ್ಣರಾವ್ ಎಂಬ ಹಿರಿಯ ಅಧಿಕಾರಿಯ ಜೊತೆಯಲ್ಲಿ ಖಜಾನೆಯ ಕೆಲಸಕ್ಕೆ ಏರಿದ. ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ. ಅಂಥ ದೊರೆಗೆ, ಅಂಕಿಯನ್ನು ನೆನಪಿನಲ್ಲಿಟ್ಟು ಕೇಳಿದ ಕೂಡಲೇ ಬಾಯಲ್ಲಿ ಹೇಳಬಲ್ಲ ಅಧಿಕಾರಿ ಬಲಗೈಯಾಗುವುದು ಸಹಜ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರ್ ಸತ್ತ. ಬ್ರಿಟಿಷರ ಜೊತೆ ಯುದ್ಧ ನಡೆಯುತ್ತಿತ್ತು. ಉತ್ತರಾಧಿಕಾರಿ ಟಿಪ್ಪು ನೂರಾರು ಮೈಲಿ ದೂರದ ಮಲಬಾರಿನಲ್ಲಿದ್ದ. ಸಾವಿನ ಸುದ್ದಿ ಹೊರಬಿದ್ದಿದ್ದರೆ ಸೈನ್ಯ ಚದುರುತ್ತಿತ್ತು, ಇಲ್ಲವೇ ಯಾರೋ ಒಬ್ಬ ಸರದಾರ ತಾನೇ ಪಟ್ಟ ಕಟ್ಟಿಕೊಳ್ಳುತ್ತಿದ್ದ. ಪೂರ್ಣಯ್ಯ, ಕೃಷ್ಣರಾವ್ ಮತ್ತು ಕೆಲವೇ ನಂಬುಗೆಯವರು ಸುದ್ದಿಯನ್ನು ಬಿಗಿಹಿಡಿದರು. ಹೆಣವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆಯ ಪೆಟ್ಟಿಗೆಯನ್ನು ಸಾಗಿಸುವಂತೆ ಕಾವಲಿನೊಡನೆ ಕೋಲಾರದ ಕಡೆಗೆ ಕಳುಹಿಸಿದರು. ಪಾಳೆಯದಲ್ಲಿ ದಿನದ ಕೆಲಸ ಎಂದಿನಂತೆ ನಡೆಯಿತು. ದೊರೆಗೆ ಕಾಯಿಲೆ ಎಂದಷ್ಟೇ ಹೇಳಿಕೆ. ನಡುವೆ ಎದ್ದ ಒಂದು ಪಿತೂರಿಯನ್ನು ಮೊಳಕೆಯಲ್ಲೇ ಚಿವುಟಿದರು. ಟಿಪ್ಪು ಬಂದು ತಂದೆಯ ಸೈನ್ಯವನ್ನು ಚೂರೂ ಮುಕ್ಕಾಗದೆ ಕೈಗೆ ತೆಗೆದುಕೊಂಡ. ನನ್ನ ದೃಷ್ಟಿಯಲ್ಲಿ ಪೂರ್ಣಯ್ಯನ ಮೊದಲ ಸೇನಾ ವಿಜಯ ಇದೇ. ಒಂದು ಗುಂಡು ಹಾರದೆ, ದೊರೆಯಿಲ್ಲದ ದಂಡನ್ನು ವಾರಗಟ್ಟಲೆ ಒಟ್ಟಾಗಿ ಹಿಡಿದಿಟ್ಟದ್ದು ಯಾವ ರಣರಂಗದ ಗೆಲುವಿಗೂ ಕಡಿಮೆಯಲ್ಲ.

ಟಿಪ್ಪುವಿನ ಕಾಲದಲ್ಲಿ ಅವನ ಹೊಣೆ ಇನ್ನೂ ಬೆಳೆಯಿತು. ಅಪಾಯವೂ ಬೆಳೆಯಿತು. 1791ರ ಯುದ್ಧದ ನಡುವೆ ಕೃಷ್ಣರಾವ್ ಮೇಲೆ ದ್ರೋಹದ ಸಂಶಯ ಬಂದು ಅವನ ತಲೆ ಹೋಯಿತು. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ಲೆಕ್ಕ ಬರೆದವನ ಗತಿ ಹೀಗಾದರೂ ಪೂರ್ಣಯ್ಯ ಉಳಿದ. 1792ರ ಮಾರ್ಚಿನ ಒಪ್ಪಂದದಲ್ಲಿ ಮೈಸೂರು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು. ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಗಿ ಹೋದರು. ಉಳಿದರ್ಧ ನಾಡಿನಿಂದ ಆ ಹಣವನ್ನು ಹೊಂದಿಸುವ ಭಾರ ಖಜಾನೆ, ಕಂದಾಯ ನೋಡುವವರ ಹೆಗಲಿಗೆ ಬಿತ್ತು. 1799ರ ಕೊನೆಯ ಯುದ್ಧದ ಹೊತ್ತಿಗೆ ಪೂರ್ಣಯ್ಯ ಕುದುರೆ ಪಡೆಯ ಮುಂದಾಳುಗಳಲ್ಲೊಬ್ಬ. ಮದ್ರಾಸಿನಿಂದ ಬರುತ್ತಿದ್ದ ಜನರಲ್ ಹ್ಯಾರಿಸನ ಸೈನ್ಯದ ಅಕ್ಕಪಕ್ಕದಲ್ಲಿ ಸವಾರರನ್ನು ಓಡಿಸಿ, ಮೇವು ಸುಟ್ಟು, ಹಿಂಬಾಲಿಸಿ ಕಾಡುವ ಕೆಲಸ ಅವನ ಪಾಲಿಗೂ ಬಂದಿತ್ತು. ಕೆಂಗೇರಿಯಲ್ಲಿ ಎಂಟು ವರ್ಷದ ಹಿಂದೆ ನಡೆದ ಉಪಾಯವೇ ಇದು. ಈ ಸಲ ಅದು ಫಲಿಸಲಿಲ್ಲ. ಮೇ 4ರ ನಡುಮಧ್ಯಾಹ್ನ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಕೋಟೆಬಾಗಿಲಲ್ಲಿ ಹೋರಾಡಿ ಸತ್ತ.

ಇಲ್ಲಿಂದ ಮುಂದೆ ಪೂರ್ಣಯ್ಯನ ಹೆಸರಿಗೆ ದ್ರೋಹದ ಮಾತು ಅಂಟಿಕೊಂಡಿದೆ. ಜನರ ಬಾಯಲ್ಲಿ, ಟಿಪ್ಪುವಿಗೆ ದ್ರೋಹ ಬಗೆದನೆನ್ನುವ ಮಂತ್ರಿ ಮೀರ್ ಸಾದಿಕನ ಹೆಸರಿನ ಜೊತೆ ಅವನ ಹೆಸರೂ ಬರುವುದುಂಟು. ಇದನ್ನು ಹಾಗೇ ದಾಟಿಹೋಗಲು ಮನಸ್ಸು ಬಾರದು. ಕೋಟೆ ಬಿದ್ದಾಗ ಅವನು ಶರಣಾದ, ನಿಜ. ಗೆದ್ದವರ ಕೈಕೆಳಗೆ ಹನ್ನೆರಡು ವರ್ಷ ದಿವಾನನಾಗಿದ್ದ, ಅದೂ ನಿಜ. ಆದರೆ ಬ್ರಿಟಿಷರು ಮುಂದಿನ ದೊರೆ ಯಾರೆಂದು ಯೋಚಿಸುತ್ತಿದ್ದಾಗ ಅವನು ಮುಂದಿಟ್ಟ ಹೆಸರು ಟಿಪ್ಪುವಿನ ಹಿರಿಯ ಮಗ ಫತೇಹೈದರನದು. ಸೈನ್ಯದಲ್ಲೂ ಆಡಳಿತದಲ್ಲೂ ಬೇರುಬಿಟ್ಟವರು ಅವನನ್ನೇ ಒಪ್ಪುತ್ತಾರೆ, ನಾಡು ಬೇಗ ಶಾಂತವಾಗುತ್ತದೆ ಎಂಬುದು ಅವನ ವಾದ. ಹಳೆಯ ಯಜಮಾನನ ಮನೆತನವನ್ನು ಮಾರಿಕೊಂಡವನು ಆ ಹೊತ್ತಿನಲ್ಲಿ ಅಂಥ ಸಲಹೆ ಕೊಡಬೇಕಾದ ಅಗತ್ಯವೇ ಇರಲಿಲ್ಲ. ಈಸ್ಟ್ ಇಂಡಿಯಾ ಕಂಪನಿ ಅದನ್ನು ಒಪ್ಪಲಿಲ್ಲ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಆರಿಸಿತು. ಜೂನ್ 30ರಂದು ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಅರಮನೆ ಪಾಳುಬಿದ್ದಿದ್ದರಿಂದ ಚಪ್ಪರದಲ್ಲೇ ಸಮಾರಂಭ. ಪೂರ್ಣಯ್ಯ ದಿವಾನನಾದ.

ಅವನ ಕೈಗೆ ಬಂದದ್ದು ಎಂಥ ನಾಡು? ಜುಲೈ 8ರ ಒಪ್ಪಂದದ ಪ್ರಕಾರ ವರ್ಷಕ್ಕೆ ಏಳು ಲಕ್ಷ ವರಹ, ಅಂದರೆ 24.5 ಲಕ್ಷ ರೂಪಾಯಿ, ಕಂಪನಿಗೆ ಪೊಗದಿ ಕಟ್ಟಬೇಕು. ಆ ಹಣಕ್ಕೆ ಅಪಾಯ ಬಂದರೆ ರಾಜ್ಯವನ್ನೋ ಅದರ ಭಾಗವನ್ನೋ ಕಂಪನಿ ತಾನೇ ವಹಿಸಿಕೊಳ್ಳಬಹುದು. ಊರುಗಳು ಎರಡು ಯುದ್ಧದಲ್ಲಿ ಸುಟ್ಟುಹೋಗಿವೆ. ಟಿಪ್ಪುವಿನ ಸೈನ್ಯದಿಂದ ಕಳಚಿಬಿದ್ದ ಸಾವಿರಾರು ಸಿಪಾಯಿಗಳು ಕೆಲಸವಿಲ್ಲದೆ, ಆಯುಧವಿಟ್ಟುಕೊಂಡು ಅಲೆಯುತ್ತಿದ್ದಾರೆ. ಹೈದರ್ ಮತ್ತು ಟಿಪ್ಪು ಅಡಗಿಸಿದ್ದ ಪಾಳೆಯಗಾರರು ತಲೆ ಎತ್ತುತ್ತಿದ್ದಾರೆ.

ಪೂರ್ಣಯ್ಯ ಮಾಡಿದ್ದನ್ನು ನೋಡಿ. ಸಿಪಾಯಿಯನ್ನು ಓಡಿಸಿದರೆ ಕಳ್ಳನಾಗುತ್ತಾನೆ, ಉಳಿಸಿಕೊಂಡರೆ ಸಂಬಳಕ್ಕೆ ಹಣವಿಲ್ಲ. ಹಾಗಾಗಿ ಬಹುಮಂದಿಯನ್ನು ಕಂದಾಚಾರಕ್ಕೆ ಸೇರಿಸಿದ. ಕಂದಾಚಾರವೆಂದರೆ ಊರಿನಲ್ಲೇ ಇದ್ದು, ಸ್ವಲ್ಪ ಸಂಬಳ ಸ್ವಲ್ಪ ಹೊಲ ಪಡೆದು, ಬೇಸಾಯವನ್ನೂ ಮಾಡುತ್ತ ಕಾವಲು ಕಾಯುವ ಕಾಲಾಳು ಪಡೆ. ಕುದುರೆಯಿರುವ ಆಯ್ದ ಸವಾರರನ್ನು ಶಿಲೇದಾರರಾಗಿ ಇಟ್ಟುಕೊಂಡ. ಕುದುರೆ ಶಿಲೇದಾರನದು, ಸಂಬಳ ಸರ್ಕಾರದ್ದು. ಖಾಯಂ ಕಾಲಾಳುಗಳದು ಬೇರೆ ಪಡೆ, ಅದನ್ನು ಬಾರು ಎನ್ನುತ್ತಿದ್ದರು. ಸವಾರು, ಬಾರು, ಕಂದಾಚಾರ ಮೂರಕ್ಕೂ ಪ್ರತ್ಯೇಕ ಇಲಾಖೆ, ಮೇಲೆ ಬಕ್ಷಿಗಳು, ಎಲ್ಲರ ಲೆಕ್ಕ ಕೊನೆಗೆ ಬಂದು ಸೇರುವುದು ದಿವಾನನ ಮುಂದೆ. ಪಾಳೆಯಗಾರರಲ್ಲಿ ಒಪ್ಪಿಬಂದವರಿಗೆ ವರ್ಷಾಶನ ಕೊಟ್ಟು, ರಾಜಧಾನಿಯಲ್ಲಿ ಕಣ್ಣೆದುರಿಗೇ ಇರುವಂತೆ ಮಾಡಿದ. ಒಪ್ಪದವರ ಮೇಲೆ ದಂಡು ಹೋಯಿತು. ಬಲಂ ಸೀಮೆಯ ಕೃಷ್ಣಪ್ಪ ನಾಯಕ ಪಶ್ಚಿಮ ಘಟ್ಟದ ಕಾಡಿನಲ್ಲಿ ಎರಡು ವರ್ಷ ಎದುರುನಿಂತ. 1802ರ ಫೆಬ್ರವರಿಯಲ್ಲಿ ಹಿಡಿದು ಗಲ್ಲಿಗೇರಿಸಿದರು. ಈ ಕಾಠಿಣ್ಯವನ್ನು ಮರೆಮಾಚಿ ಪೂರ್ಣಯ್ಯನ ಶಾಂತಿಯನ್ನು ಹೊಗಳುವುದು ಅರ್ಧ ಸತ್ಯವಾದೀತು.

ಧೋಂಡಿಯ ವಾಘನ ಪ್ರಕರಣ ಅವನ ಹೊಸ ಸೈನ್ಯಕ್ಕೆ ಮೊದಲ ಪರೀಕ್ಷೆ. ಟಿಪ್ಪುವಿನ ಸೆರೆಯಲ್ಲಿದ್ದ ಈ ಮರಾಠ ಸಾಹಸಿ ಶ್ರೀರಂಗಪಟ್ಟಣ ಬಿದ್ದ ಗದ್ದಲದಲ್ಲಿ ಹೊರಬಂದು, ಕೆಲಸ ಕಳೆದುಕೊಂಡ ಸವಾರರನ್ನು ಕೂಡಿಹಾಕಿ, ಶಿಕಾರಿಪುರ ಬಿದನೂರು ಸೀಮೆಯನ್ನು ಸೂರೆ ಮಾಡಿದ. ಉಭಯ ಲೋಕಗಳ ಒಡೆಯ ಎಂದು ತನ್ನನ್ನು ಕರೆದುಕೊಂಡ. ಅವನ ಬಳಗ ದಿನೇದಿನೇ ಬೆಳೆಯುತ್ತಿದ್ದುದಕ್ಕೆ ಕಾರಣ ಸರಳ: ಅವನು ಹಸಿದ ಸಿಪಾಯಿಗೆ ಕೂಳು ಕೊಡುತ್ತಿದ್ದ. ಅವನ ಬೆನ್ನು ಹತ್ತಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ 1800ರ ಜೂನಿನಲ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿದ. ಮುಂದೆ ವೆಲಿಂಗ್ಟನ್ ಡ್ಯೂಕ್ ಆಗಿ ನೆಪೋಲಿಯನ್ನನನ್ನು ವಾಟರ್ಲೂದಲ್ಲಿ ಸೋಲಿಸಿದವನು ಇವನೇ. ಅವನ ದಂಡಿನ ಅಕ್ಕಿಗೂ ಎತ್ತಿಗೂ ಮೈಸೂರೇ ಆಧಾರ, ಮೈಸೂರು ಸವಾರರೂ ಜೊತೆಗಿದ್ದರು. ಸೆಪ್ಟೆಂಬರ್ 10ರಂದು ಇಂದಿನ ರಾಯಚೂರು ಸೀಮೆಯ ಕೋಣಗಲ್ಲಿನ ಬಳಿ ಧೋಂಡಿಯ ಕಾದಾಟದಲ್ಲಿ ಸತ್ತ.

1803ರಲ್ಲಿ ವೆಲ್ಲೆಸ್ಲಿ ಮರಾಠರ ಮೇಲೆ ಹೋದಾಗಲೂ ಅದೇ ಏರ್ಪಾಡು. ಹರಿಹರದಿಂದ ಹೊರಟ ಸೈನ್ಯದ ಜೊತೆ ಬಿಷ್ಟೋಪಂತನ ಕೆಳಗಿನ ಮೈಸೂರು ಶಿಲೇದಾರರು ಹೋದರು. ಸೆಪ್ಟೆಂಬರ್ 23ರ ಅಸ್ಸಾಯೆ ಯುದ್ಧದಲ್ಲಿ ಸುಮಾರು 2,400 ಮೈಸೂರು ಸವಾರರು ಕೈತ್ನಾ ಹೊಳೆಯ ತೆಂಕಣ ದಡದಲ್ಲಿ ನಿಂತು, ಮರಾಠ ಕುದುರೆ ಪಡೆ ಹಿಂದಿನಿಂದ ಬಂದು ಎರಗದಂತೆ ತಡೆದಿದ್ದರು. ಅಸ್ಸಾಯೆಯನ್ನು ವರ್ಣಿಸುವ ಪುಸ್ತಕಗಳಲ್ಲಿ ಅವರಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಕಂಪನಿಗೆ ಮಾತ್ರ ಅವರ ಬೆಲೆ ತಿಳಿದಿತ್ತು. 1807ರ ಪೂರಕ ಒಪ್ಪಂದದಲ್ಲಿ 4,000 ಸವಾರರನ್ನು ಮೈಸೂರು ಯಾವಾಗಲೂ ಸಿದ್ಧವಾಗಿಟ್ಟಿರಬೇಕೆಂದು ಬರೆಸಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಪೂರ್ಣಯ್ಯನಿಗೆ ಯಳಂದೂರು ಜಹಗೀರಾಗಿ ಬಂತು.

ಈಗ ಮತ್ತೆ ಮೈಸೂರು ರಸ್ತೆಗೆ ಬರೋಣ. ಕೆಂಗೇರಿ ದಾಟಿದ ಮೇಲೆ ರಾಮಗಿರಿಯ ಬಂಡೆಗಳ ನಡುವಿನ ಕಾಡುದಾರಿ ಕಳ್ಳರ ಕೈಯಲ್ಲಿತ್ತು. ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ಸರಕು, ಖಜಾನೆ, ಟಪಾಲು ಎಲ್ಲ ಓಡಾಡಬೇಕಾದದ್ದು ಇದರ ಮೇಲೆಯೇ. ಕಾವಲು ಠಾಣೆ ಹಾಕಿದರೆ ಠಾಣೆಗೆ ದಿನಸಿ ಒದಗಿಸುವುದೇ ಇನ್ನೊಂದು ಖರ್ಚು. ಪೂರ್ಣಯ್ಯ 1800ರಲ್ಲಿ ಅಲ್ಲಿ ಒಂದು ಊರನ್ನೇ ಕಟ್ಟಿಸಿದ. ಜನ ಇದ್ದರೆ ಅಂಗಡಿ ಇರುತ್ತದೆ, ಅಂಗಡಿ ಇದ್ದರೆ ಓಡಾಟ ಇರುತ್ತದೆ, ಓಡಾಟವಿರುವ ಕಡೆ ಕಳ್ಳ ನಿಲ್ಲುವುದಿಲ್ಲ. ಊರಿಗೆ ಮೈಸೂರಿನಲ್ಲಿದ್ದ ಕಂಪನಿಯ ಪ್ರತಿನಿಧಿ, ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿಟ್ಟ: ಕ್ಲೋಸ್‌ಪೇಟೆ. ಅದೇ ಇಂದಿನ ರಾಮನಗರ. ಅಲ್ಲಿನ ಬಂಡೆಯನ್ನು ಭೂವಿಜ್ಞಾನಿಗಳು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲಿಗೆ ಪೂರ್ಣಯ್ಯ ಕಟ್ಟಿದ ಊರಿನ ಹೆಸರು ಉಳಿದುಕೊಂಡಿದೆ.

ಇದೇ ದಾರಿಯಲ್ಲಿ ಮುಂದೆ ಹೋದರೆ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ 1804ರಲ್ಲಿ ಮುಗಿದ ಕಲ್ಲಿನ ಸೇತುವೆ. ಕಲ್ಲುಕಂಬಗಳ ಮೇಲೆ ಕಲ್ಲುಚಪ್ಪಡಿ ಹಾಸಿ ನಮ್ಮ ಕಡೆಯ ಕಲ್ಲುಕುಟಿಗರ ಪದ್ಧತಿಯಲ್ಲೇ ಕಟ್ಟಿದ್ದು. ಪೂರ್ಣಯ್ಯ ಕಟ್ಟಿಸಿದ, ಹೆಸರು ಆರ್ಥರನ ಅಣ್ಣ, ಗವರ್ನರ್ ಜನರಲ್ ವೆಲ್ಲೆಸ್ಲಿಯದು. ಅಲ್ಲಿಂದ ಸ್ವಲ್ಪ ದೂರದಲ್ಲಿ 1804ರಲ್ಲಿ ತೀರಿಕೊಂಡ ರೆಸಿಡೆಂಟ್ ಜೋಸಾಯ ವೆಬ್‌ನ ಸ್ಮಾರಕ ಕಂಬ, ಅದನ್ನು ನಿಲ್ಲಿಸಿದವನೂ ಪೂರ್ಣಯ್ಯನೇ. ಗೆದ್ದವರ ಹೆಸರನ್ನು ದಾರಿಯುದ್ದಕ್ಕೂ ಕೆತ್ತಿಸಿದ್ದು ಓಲೈಕೆಯೆಂದು ಒಬ್ಬರಿಗೆ ಕಂಡೀತು. ಒಪ್ಪಂದದ ಒಂದೇ ಒಂದು ಕಲಮು ರಾಜ್ಯದ ಕೊರಳಿಗೆ ಉರುಳಾಗಿದ್ದ ಕಾಲದಲ್ಲಿ ಆ ಹೆಸರುಗಳು ಮೈಸೂರಿಗೆ ಕೊಂಡ ಉಸಿರು ಎಂದು ನನಗೆ ಕಾಣುತ್ತದೆ. ಕೊಂಡದ್ದು ಅಗ್ಗಕ್ಕೂ ಹೌದು. ಊರು, ಸೇತುವೆ ನಮ್ಮಲ್ಲೇ ಉಳಿದವು. ಕಾವೇರಿ ನೀರನ್ನು ಮೈಸೂರಿಗೆ ತರಲು ಅವನು ತೋಡಿಸಿದ ಕಾಲುವೆ ಮಾತ್ರ ಗುರಿ ಮುಟ್ಟಲಿಲ್ಲ. ಜನ ಅದನ್ನು ಪೂರ್ಣಯ್ಯನ ನಾಲೆ ಎಂದರು.

ಕಟ್ಟಳೆ ಹಾಕುವ ವಿಷಯದಲ್ಲಿ ಅವನು ಸೈನ್ಯದಷ್ಟು ದೂರ ಹೋಗಲಿಲ್ಲ. ಮೊದಲ ವರ್ಷಗಳಲ್ಲಿ ತೀರ್ಪು ಕೊಡುವವರು ಅಮಲ್ದಾರರೇ. ಸಿವಿಲ್ ವ್ಯಾಜ್ಯಕ್ಕೆ ಪಂಚಾಯಿತಿ ಕೂರುತ್ತಿತ್ತು. ಘೋರ ಅಪರಾಧಗಳ ಕಡತ ದಿವಾನನ ಹತ್ತಿರ ಬರುತ್ತಿತ್ತು, ಅವನು ರೆಸಿಡೆಂಟನ ಜೊತೆ ಆಲೋಚಿಸಿ ಶಿಕ್ಷೆ ಹೇಳುತ್ತಿದ್ದ. 1805ರಲ್ಲಿ ಮೈಸೂರಿನಲ್ಲಿ ಅದಾಲತ್ ಎಂಬ ಪ್ರತ್ಯೇಕ ನ್ಯಾಯಸ್ಥಾನ ಸ್ಥಾಪನೆಯಾಯಿತು. ಇಬ್ಬರು ಬಕ್ಷಿಗಳು, ಇಬ್ಬರು ಶಿರಸ್ತೇದಾರರು, ಆರು ಮಂದಿ ಗೌರವಸ್ಥರ ಖಾಯಂ ಪಂಚಾಯಿತಿ, ಧರ್ಮಶಾಸ್ತ್ರಕ್ಕೆ ಒಬ್ಬ ಪಂಡಿತ, ಷರಿಯತ್ತಿಗೆ ಒಬ್ಬ ಖಾಜಿ. ಆ ಕಾಲಕ್ಕೆ ಇದು ಒಳ್ಳೆಯ ಏರ್ಪಾಡು. ವ್ಯಾಜ್ಯ ಒಬ್ಬನ ಮರ್ಜಿಯಿಂದ ಹೊರಬಂದು ಹಲವರ ಮುಂದೆ ಬಿಚ್ಚಿಕೊಳ್ಳುವುದಕ್ಕೆ ಜಾಗವಾಯಿತು.

ಆದರೆ ಅದಾಲತ್ತಿನಂಥ ಇನ್ನೊಂದನ್ನು ಅವನು ಕಟ್ಟಲಿಲ್ಲ. ಕಂದಾಯ, ಸೈನ್ಯ, ಪೋಲೀಸು, ರೆಸಿಡೆಂಟನೊಡನೆಯ ವ್ಯವಹಾರ ಎಲ್ಲದರ ತುದಿ ಅವನ ಕೈಯಲ್ಲೇ ಇತ್ತು. ಕೆರೆಕಟ್ಟೆ ದುರಸ್ತಿಯಾದವು, ಬೇಸಾಯ ಹೆಚ್ಚಿತು, ಪೊಗದಿ ತಪ್ಪದೆ ಸಂದಾಯವಾಯಿತು. ಖರ್ಚು ಕಳೆದು ಎರಡು ಕೋಟಿ ರೂಪಾಯಿಗೂ ಮಿಕ್ಕಿ ಖಜಾನೆಯಲ್ಲಿ ಕೂಡಿಟ್ಟನೆಂದು ದಾಖಲೆಗಳು ಹೇಳುತ್ತವೆ. ಸುಟ್ಟ ನಾಡಿನಿಂದ ಹನ್ನೆರಡೇ ವರ್ಷದಲ್ಲಿ ಇಷ್ಟು ಹಣ ಏಳಬೇಕಾದರೆ ರೈತನ ಬೆವರು ಎಷ್ಟು ಹರಿದಿರಬೇಕು ಎಂದೂ ಕೇಳಿಕೊಳ್ಳಬೇಕು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಐದು ವರ್ಷದ ಹುಡುಗ ಕಣ್ಣೆದುರಿಗೇ ಹದಿನಾರು ದಾಟಿದ. ಆ ಹುಡುಗನಿಗೆ ಲೆಕ್ಕದ ಪುಸ್ತಕ ಹೇಗೆ ಓದಬೇಕೆಂದು ಪೂರ್ಣಯ್ಯ ಕಲಿಸಲಿಲ್ಲ. ಹೈದರನ ದಫ್ತರದಲ್ಲಿ ಒಬ್ಬನ ನೆನಪೇ ರಾಜ್ಯವಾಗಿದ್ದ ಪದ್ಧತಿಯಲ್ಲಿ ಬೆಳೆದವನು, ತಾನು ಯಜಮಾನನಾದಾಗಲೂ ಅದೇ ಪದ್ಧತಿಯನ್ನು ಮುಂದುವರಿಸಿದ. ಅವನ ಬಲವೆಲ್ಲ ಅಲ್ಲಿತ್ತು, ಅವನ ಕೆಲಸ ಅವನ ಹಿಂದೆ ಉಳಿಯದಿರುವುದಕ್ಕೂ ಅದೇ ಕಾರಣವಾಯಿತು.

1811ರಲ್ಲಿ ಒಡೆಯರು ತಾವೇ ಆಳುವ ಇಚ್ಛೆ ತಿಳಿಸಿದರು. ಅಧಿಕಾರ ಬಿಟ್ಟುಕೊಡಲು ಮುದುಕನಿಗೆ ಸುಲಭವಾಗಲಿಲ್ಲ. ರೆಸಿಡೆಂಟ್ ಕೋಲ್ ನಡುವೆ ಬಂದು ಮಾತಾಡಬೇಕಾಯಿತು. ವರ್ಷದ ಕೊನೆಗೆ ಪೂರ್ಣಯ್ಯ ಶ್ರೀರಂಗಪಟ್ಟಣಕ್ಕೆ ಹೋಗಿ ನೆಲೆಸಿದ, 1812ರ ಮಾರ್ಚಿನಲ್ಲಿ ಅಲ್ಲೇ ತೀರಿಕೊಂಡ.

ಅವನು ಹುರಿಗೊಳಿಸಿದ ಶಿಲೇದಾರ್ ಕುದುರೆ ಪಡೆ ಅವನಿಗಿಂತ ಬಹುಕಾಲ ಬಾಳಿತು. 1817ರಲ್ಲಿ ಪಿಂಡಾರಿಗಳ ಮೇಲೆ ಹೋಯಿತು. ಆ ಪರಂಪರೆಯಿಂದಲೇ ಮುಂದೆ ಮೈಸೂರು ಲ್ಯಾನ್ಸರ್ಸ್ ಬಂದರು. ಅವರು 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾದಲ್ಲಿ ಕಾರ್ಮೆಲ್ ಗುಡ್ಡದ ಫಿರಂಗಿಗಳ ಮೇಲೆ ಏರಿಹೋದರು. ಅದು ಅಸ್ಸಾಯೆಯ ದಿನವೇ, 115 ವರ್ಷದ ನಂತರ. 1953ರಲ್ಲಿ ಭಾರತ ಸೈನ್ಯದ 61ನೇ ಕ್ಯಾವಲ್ರಿ ರೂಪುಗೊಂಡಾಗ ಮೈಸೂರು ಲ್ಯಾನ್ಸರ್ಸ್ ಅದರಲ್ಲಿ ಸೇರಿಹೋದರು.

ಆಡಳಿತಕ್ಕೆ ಅಂಥ ಬಾಳಿಕೆ ಬರಲಿಲ್ಲ. ಖಜಾನೆಯ ಉಳಿತಾಯ ಕರಗಿತು, ಅಮಲ್ದಾರರ ಹಾವಳಿ ಬೆಳೆಯಿತು, 1830ರಲ್ಲಿ ನಗರ (ಬಿದನೂರು) ಸೀಮೆಯ ರೈತರು ದಂಗೆ ಎದ್ದರು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ 1799ರ ಒಪ್ಪಂದದ ಆ ಕಲಮನ್ನೇ ಹೊರತೆಗೆದು ರಾಜ್ಯವನ್ನು ಕಂಪನಿಯ ಕಮಿಷನರುಗಳ ಕೈಗೆ ಒಪ್ಪಿಸಿದ. ಅದು ಒಡೆಯರ ಮನೆತನಕ್ಕೆ ಮರಳಲು ಐವತ್ತು ವರ್ಷ ಹಿಡಿಯಿತು. 1881ರ ಮಾರ್ಚ್ 25ರಂದು ರಾಜ್ಯ ಮರಳಿತು, ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನ ಕರೆದರು. ರೈತರೂ ವರ್ತಕರೂ ಅಲ್ಲಿ ಕೂತು, ರಾಜ್ಯದ ಜಮಾಖರ್ಚನ್ನು ದಿವಾನರ ಬಾಯಿಂದ ಕೇಳಿಸಿಕೊಂಡರು. 1901ರಿಂದ 1906ರವರೆಗೆ ಆ ಲೆಕ್ಕ ಒಪ್ಪಿಸಿದ ದಿವಾನರು ಪೂರ್ಣಯ್ಯನ ವಂಶದವರೇ ಆದ ಯಳಂದೂರು ಜಹಗೀರುದಾರ ಪಿ. ಎನ್. ಕೃಷ್ಣಮೂರ್ತಿ.